ಹತ್ತಿ ಆರುವ ಚೆಕ್ ಎಂಜಿನ್ ಲೈಟ್: ಕಾರಣ ಹಿಡಿಯುವ ದಾರಿ

ಚೆಕ್ ಎಂಜಿನ್ ಲೈಟ್ ಹತ್ತಿ ಹಾಗೇ ಉಳಿದುಕೊಂಡರೆ ಅರ್ಧ ಕೆಲಸ ಸುಲಭ. ತಪ್ಪು ಎದುರಿಗೇ ಇರುತ್ತದೆ. ಗಾಡಿಯ ಕಂಪ್ಯೂಟರಿಗೆ ಜೋಡಿಸುವ ಸ್ಕ್ಯಾನರ್ ಹಾಕಿ ಒಂದೊಂದಾಗಿ ನೋಡುತ್ತಾ ಹೋಗಬಹುದು. ತಲೆ ತಿನ್ನುವುದು ಬಂದು ಹೋಗುವ ಲೈಟ್. ಎರಡು ದಿನ ಉರಿಯುತ್ತದೆ, ತಾನಾಗಿಯೇ ಆರುತ್ತದೆ, ಸದ್ಯ ಹೋಯಿತು ಅನ್ನುವಷ್ಟರಲ್ಲಿ ಮತ್ತೆ ಹತ್ತುತ್ತದೆ. ಗ್ಯಾರೇಜಿಗೆ ಒಯ್ದ ದಿನ ಗಾಡಿ ಒಂಚೂರೂ ಕಾಟ ಕೊಡುವುದಿಲ್ಲ. ಆಗ ಏನಾಗುತ್ತದೆ? ಕೋಡ್, ಅಂದರೆ ಕಂಪ್ಯೂಟರ್ ಬರೆದಿಟ್ಟ ತಪ್ಪಿನ ಸಂಖ್ಯೆ, ಅದನ್ನು ಅಳಿಸಿ ಕಳಿಸುತ್ತಾರೆ. ಇಲ್ಲವೇ ಅಂದಾಜಿನ ಮೇಲೆ ಒಂದು ಸೆನ್ಸರ್ ಬದಲಿಸುತ್ತಾರೆ. ಮೊದಲನೆಯದರಲ್ಲಿ ಸಾಕ್ಷಿ ಹೋಗುತ್ತದೆ, ಎರಡನೆಯದರಲ್ಲಿ ದುಡ್ಡು.

ಇಂಥ ದೋಷಕ್ಕೆ ಮೊದಲ ಪ್ರಶ್ನೆ "ಯಾವಾಗ ಕೆಡುತ್ತದೆ?" ಎಂಬುದು. ಎಂಜಿನ್ ತಣ್ಣಗಿದ್ದಾಗಲೋ, ಕಾದ ಮೇಲೋ, ಏರು ಹತ್ತುವಾಗಲೋ, ಮಳೆಯಲ್ಲೋ, ಗುಂಡಿ ಬಿದ್ದ ರಸ್ತೆಯಲ್ಲೋ? ಇದಕ್ಕೆ ಉತ್ತರ ಸಿಕ್ಕರೆ "ಏನು ಕೆಟ್ಟಿದೆ?" ಎಂಬುದು ಎರಡು ಮೂರು ಅನುಮಾನಗಳಿಗೆ ಇಳಿಯುತ್ತದೆ. ಮುಂದೆ ಹೇಳಿರುವುದು ಹೆಚ್ಚಾಗಿ ಪೆಟ್ರೋಲ್ ಕಾರುಗಳಿಗೆ. ಡೀಸೆಲ್ ಮಾತು ನಡುವೆ ಬರುತ್ತದೆ.

ಮಿನುಗುತ್ತಿದ್ದರೆ ಮೊದಲು ಕಾಲು ತೆಗೆಯಿರಿ

ಲೈಟ್ ಸ್ಥಿರವಾಗಿ ಉರಿಯುತ್ತಿದೆಯೋ, ಮಿಣುಕುತ್ತಿದೆಯೋ ನೋಡಿ. ಮಿಣುಕುತ್ತಿದ್ದರೆ ಎಂಜಿನ್ ಜೋರಾಗಿ ಮಿಸ್‌ಫೈರ್ ಆಗುತ್ತಿದೆ, ಅಂದರೆ ಇಂಧನ ಸರಿಯಾಗಿ ಹೊತ್ತಿಕೊಳ್ಳುತ್ತಿಲ್ಲ ಎಂದು ಲೆಕ್ಕ. ಸಿಲಿಂಡರಿನಲ್ಲಿ ಉರಿಯದ ಪೆಟ್ರೋಲ್ ಸೈಲೆನ್ಸರ್ ದಾರಿಗೆ ಇಳಿದು, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಉರಿಯುತ್ತದೆ. ಆ ಕಾವಿಗೆ ಕನ್ವರ್ಟರ್ ಒಳಗಿನ ಜೇನುಗೂಡಿನಂಥ ಭಾಗ ಕರಗಿಯೇ ಹೋಗಬಹುದು. ಪ್ಲಗ್ಗಿಗೆ ಕಿಡಿ ಕೊಡುವ ಒಂದು ಕಾಯಿಲ್‌ನಲ್ಲಿ ಮುಗಿಯುವ ಖರ್ಚು ಕನ್ವರ್ಟರ್ ತನಕ ಬೆಳೆಯುವುದು ಹೀಗೇ. ಆಕ್ಸಿಲರೇಟರ್ ಮೇಲಿನ ಕಾಲು ತೆಗೆಯಿರಿ, ಮೆಲ್ಲಗೆ ಬದಿಗೆ ಹಾಕಿ ಎಂಜಿನ್ ಆಫ್ ಮಾಡಿ. ಜರ್ಕ್ ಹೊಡೆಯುತ್ತಲೇ ಇದ್ದರೆ ಮುಂದೆ ಓಡಿಸಬೇಡಿ, ಎಳೆದುಕೊಂಡು ಹೋಗುವ ಏರ್ಪಾಡು ಮಾಡಿ.

ಆಯಿಲ್ ಕ್ಯಾನ್ ಗುರುತಿನ ಕೆಂಪು ಲೈಟ್ ಮತ್ತು ಟೆಂಪರೇಚರ್ ಲೈಟ್ ಬೇರೆಯೇ ಕಥೆ. ಅವು ಬಂದರೆ ಕೋಡ್ ಗೀಡ್ ಎಂದು ಕೂರಬಾರದು, ತಕ್ಷಣ ನಿಲ್ಲಿಸಬೇಕು.

ಇನ್ನೊಂದು ಸಣ್ಣ ಪರೀಕ್ಷೆ. ಕೀ ಆನ್ ಮಾಡಿ, ಸ್ಟಾರ್ಟ್ ಮಾಡಬೇಡಿ. ಚೆಕ್ ಎಂಜಿನ್ ಲೈಟ್ ಹತ್ತಲೇಬೇಕು. ಸ್ಟಾರ್ಟ್ ಆದಮೇಲೆ ಆರಬೇಕು. ಕೀ ಆನ್ ಮಾಡಿದಾಗಲೂ ಹತ್ತದಿದ್ದರೆ ಬಲ್ಬೇ ಹೋಗಿದೆ, ಅಥವಾ ಯಾರೋ ಕೈಯಾಡಿಸಿದ್ದಾರೆ. ಹಳೇ ಕಾರು ಕೊಳ್ಳುವವರು ಇದನ್ನು ಮರೆಯದೆ ನೋಡಬೇಕು.

ಲೈಟ್ ಹತ್ತಿದ ಹೊತ್ತೇ ತಪ್ಪಾದ ಹೊತ್ತಲ್ಲ

ಎಷ್ಟೋ ಜನ ಎಡವುವುದು ಇಲ್ಲೇ. "ನಿನ್ನೆ ಪೆಟ್ರೋಲ್ ಹಾಕಿಸಿದೆ, ಇವತ್ತು ಬೆಳಿಗ್ಗೆ ಲೈಟ್ ಬಂತು, ಪೆಟ್ರೋಲೇ ಸರಿ ಇಲ್ಲ" ಎಂದುಬಿಡುತ್ತಾರೆ. ನಿಜವಾದ ತಪ್ಪು ಅದಕ್ಕೂ ಹಿಂದೆ ಆಗಿದ್ದಿರಬಹುದು.

ಎಂಜಿನ್ ಕಂಪ್ಯೂಟರ್, ಅಂದರೆ ಇಸಿಯು, ಹೆಚ್ಚಿನ ತಪ್ಪುಗಳನ್ನು ಒಂದೇ ಸಲಕ್ಕೆ ನಂಬುವುದಿಲ್ಲ. ಮೊದಲ ಓಟದಲ್ಲಿ (ಸ್ಟಾರ್ಟ್ ಮಾಡಿ ಓಡಿಸಿ ಆಫ್ ಮಾಡುವವರೆಗೆ ಒಂದು ಓಟ) ತಪ್ಪು ಕಂಡರೆ "ಪೆಂಡಿಂಗ್" ಕೋಡ್ ಆಗಿ ಬರೆದಿಟ್ಟುಕೊಳ್ಳುತ್ತದೆ, ಲೈಟ್ ಹತ್ತಿಸುವುದಿಲ್ಲ. ಮುಂದಿನ ಓಟದಲ್ಲಿ ಅದೇ ಪರೀಕ್ಷೆ ನಡೆದು ಮತ್ತೆ ಫೇಲಾದರೆ ಕೋಡ್ ಖಾತ್ರಿಯಾಗುತ್ತದೆ, ಆಗ ಲೈಟ್ ಹತ್ತುತ್ತದೆ. ವೈರ್ ಕಡಿದಂಥ ಕೆಲವು ತಪ್ಪುಗಳಿಗೆ ಮೊದಲ ಓಟದಲ್ಲೇ ಹತ್ತಿಸುವ ಕಾರುಗಳೂ ಇವೆ. ಆದರೆ ಸಾಮಾನ್ಯ ಲೆಕ್ಕ ಎರಡು ಓಟದ್ದು.

ಆರುವುದಕ್ಕೂ ಒಂದು ಲೆಕ್ಕವಿದೆ. ಆ ಪರೀಕ್ಷೆ ಸತತವಾಗಿ ಮೂರು ಓಟಗಳಲ್ಲಿ ನಡೆದು, ಮೂರರಲ್ಲೂ ಪಾಸಾದರೆ ಲೈಟ್ ಆರುತ್ತದೆ. ಮಿಸ್‌ಫೈರ್ ಮತ್ತು ಇಂಧನ ಮಿಶ್ರಣದ ತಪ್ಪಿಗೆ ಇನ್ನೂ ಬಿಗಿ ನಿಯಮ. ತಪ್ಪಾದಾಗ ಇದ್ದ ಆರ್‌ಪಿಎಂಗೆ 375 ಹಿಂದೆಮುಂದೆ, ಹೆಚ್ಚುಕಡಿಮೆ ಅಷ್ಟೇ ಲೋಡ್ (ಎಂಜಿನ್ ಮೇಲಿನ ಭಾರ), ತಣ್ಣಗಿದ್ದರೆ ತಣ್ಣಗೆ, ಬಿಸಿಯಿದ್ದರೆ ಬಿಸಿ. ಅಂಥದೇ ಹೊತ್ತಿನಲ್ಲಿ ಎಂಜಿನ್ ಸರಿಯಾಗಿ ಓಡಿ ತೋರಿಸಬೇಕು. ಲೈಟ್ ಆರಿದ ಮೇಲೂ ಕೋಡ್ ನೆನಪಿನಲ್ಲಿ ಉಳಿಯುತ್ತದೆ. ಸಾಮಾನ್ಯವಾಗಿ 40 ಸಲ ಎಂಜಿನ್ ತಣ್ಣಗಿಂದ ಬಿಸಿಯಾಗುವವರೆಗೆ ಓಡಿ, ತಪ್ಪು ಮರುಕಳಿಸದಿದ್ದರೆ ಮಾತ್ರ ಅಳಿಯುತ್ತದೆ.

ಇದರಿಂದ ಎರಡು ವಿಷಯ ಗೊತ್ತಾಗುತ್ತದೆ. ಒಂದು, ಲೈಟ್ ಆರಿತು ಅಂದರೆ ರೋಗ ವಾಸಿಯಾಯಿತು ಎಂದಲ್ಲ. ಮೂರು ಓಟಗಳಲ್ಲಿ ಸಿಕ್ಕಿಬೀಳಲಿಲ್ಲ, ಅಷ್ಟೇ. ಎರಡು, ಲೈಟ್ ಆರಿದ ಗಾಡಿಯಲ್ಲೂ ಹುಡುಕಿದರೆ ಸಾಕ್ಷಿ ಸಿಗುತ್ತದೆ. "ಈಗ ಲೈಟ್ ಇಲ್ಲವಲ್ಲ, ಏನು ನೋಡೋದು?" ಎನ್ನುವ ಮೆಕ್ಯಾನಿಕ್‌ಗೆ ನಿಧಾನವಾಗಿ ಹೇಳಿ: ಸ್ಕ್ಯಾನರ್ ಹಾಕಿ, ಇರುತ್ತದೆ.

ಕೋಡ್ ಅಳಿಸುವ ಮುನ್ನ

ಒಬಿಡಿ ಎಂಬ 16 ಪಿನ್ನಿನ ಸಾಕೆಟ್ ಸ್ಟಿಯರಿಂಗ್ ಕೆಳಗೆ, ಡ್ರೈವರ್ ಮೊಣಕಾಲಿನ ಹತ್ತಿರ ಇರುತ್ತದೆ. ಅಮೆರಿಕದಲ್ಲಿ 1996ರ ಮಾಡೆಲ್‌ಗಳಿಂದ, ಯುರೋಪಿನಲ್ಲಿ ಪೆಟ್ರೋಲ್ ಕಾರುಗಳಿಗೆ 2001ರಿಂದ ಇದು ಕಡ್ಡಾಯವಾಯಿತು. ಈಗ ಎಲ್ಲ ಕಡೆಯ ಹೊಸ ಕಾರುಗಳಲ್ಲೂ ಸಾಮಾನ್ಯ. ಬ್ಲೂಟೂತ್‌ನಲ್ಲಿ ಮೊಬೈಲ್‌ಗೆ ಜೋಡಿಸುವ ಸಣ್ಣ ಸ್ಕ್ಯಾನರ್ ಇದ್ದರೂ ಮನೆಮಟ್ಟಿನ ತನಿಖೆಗೆ ಸಾಕು. ಕೋಡ್ ಓದುವುದರ ಜೊತೆಗೆ ಫ್ರೀಜ್ ಫ್ರೇಮ್ (ತಪ್ಪಾದ ಕ್ಷಣದ ಅಂಕಿಗಳು), ಪೆಂಡಿಂಗ್ ಕೋಡ್ ಮತ್ತು ಲೈವ್ ಡೇಟಾ (ಸೆನ್ಸರುಗಳ ಈ ಕ್ಷಣದ ಅಂಕಿಗಳು) ತೋರಿಸಬೇಕು, ಅಷ್ಟು ನೋಡಿಕೊಂಡು ತೆಗೆದುಕೊಳ್ಳಿ.

ಸ್ಕ್ಯಾನರ್‌ನಲ್ಲಿ "ಕ್ಲಿಯರ್" ಗುಂಡಿ ತುಂಬಾ ಆಸೆ ಹುಟ್ಟಿಸುತ್ತದೆ. ಒತ್ತಬೇಡಿ. ಒತ್ತಿದರೆ ಕೋಡ್ ಒಂದೇ ಹೋಗುವುದಿಲ್ಲ. ಫ್ರೀಜ್ ಫ್ರೇಮ್ ಹೋಗುತ್ತದೆ, ಪೆಂಡಿಂಗ್ ಕೋಡ್ ಹೋಗುತ್ತದೆ, ಇಸಿಯು ತನ್ನಷ್ಟಕ್ಕೆ ಮಾಡಿ ಮುಗಿಸಿದ ಪರೀಕ್ಷೆಗಳ ಫಲಿತಾಂಶವೂ ಹೋಗುತ್ತದೆ. ಬ್ಯಾಟರಿ ಟರ್ಮಿನಲ್ ಬಿಚ್ಚಿದರೂ ಎಷ್ಟೋ ಕಾರುಗಳಲ್ಲಿ ಇದೇ ಗತಿ.

ಮೊದಲು ಎಲ್ಲವನ್ನೂ ಫೋಟೋ ತೆಗೆದಿಟ್ಟುಕೊಳ್ಳಿ. ಖಾತ್ರಿಯಾದ ಕೋಡ್‌ಗಳು, ಪೆಂಡಿಂಗ್ ಕೋಡ್‌ಗಳು, ಫ್ರೀಜ್ ಫ್ರೇಮಿನ ಪೂರ್ತಿ ಪುಟ. ಲೈವ್ ಡೇಟಾ ಪಟ್ಟಿಯಲ್ಲಿ "ಕೋಡ್ ಅಳಿಸಿದ ಮೇಲೆ ಓಡಿದ ದೂರ" ಎಂಬ ಅಂಕಿಯೂ ಎಷ್ಟೋ ಕಾರುಗಳಲ್ಲಿ ಸಿಗುತ್ತದೆ. ಅದನ್ನೂ ಬರೆದಿಟ್ಟುಕೊಳ್ಳಿ. ಮಾರುವವನು "ಲೈಟ್ ಯಾವತ್ತೂ ಬಂದಿಲ್ಲ" ಎನ್ನುತ್ತಿರುವಾಗ ಈ ಅಂಕಿ ಬರೀ 30 ಕಿಲೋಮೀಟರ್ ತೋರಿಸಿದರೆ ಯಾರ ಮಾತು ನಂಬಬೇಕು ಎಂಬುದು ನಿಮಗೆ ಬಿಟ್ಟಿದ್ದು.

ಕೋಡ್ ಓದುವಾಗ ಒಂದು ಎಚ್ಚರ. ಕೋಡ್ ಹೇಳುವುದು ಯಾವ ವ್ಯವಸ್ಥೆಯಲ್ಲಿ ಏನು ಎಡವಟ್ಟಾಗಿದೆ ಎಂದು. ಯಾವ ಸಾಮಾನು ಬದಲಿಸಬೇಕು ಎಂದಲ್ಲ. ಪಿ0171 ಅಂದರೆ ಮಿಶ್ರಣದಲ್ಲಿ ಪೆಟ್ರೋಲ್‌ಗಿಂತ ಗಾಳಿ ಜಾಸ್ತಿಯಾಗಿದೆ. ಅದನ್ನು ವರದಿ ಮಾಡಿದ್ದು ಹೊಗೆಯಲ್ಲಿ ಉಳಿದ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್. ವರದಿ ಮಾಡಿದವನನ್ನೇ ಕಿತ್ತು ಬಿಸಾಡುವುದು ಎಷ್ಟು ಗ್ಯಾರೇಜುಗಳಲ್ಲಿ ನಡೆಯುತ್ತದೆಯೋ! ಪಿ0420 ಬಂದರೆ ಕನ್ವರ್ಟರ್ ಹೋಯಿತು ಎಂದೇ ಅರ್ಥವಲ್ಲ. ಸೈಲೆನ್ಸರ್ ಪೈಪಿನ ಜಾಯಿಂಟ್ ಸೋರಿದರೂ ಅದು ಬರಬಹುದು.

ಫ್ರೀಜ್ ಫ್ರೇಮ್: ತಪ್ಪಾದ ಕ್ಷಣದ ಫೋಟೋ

ಬಂದು ಹೋಗುವ ದೋಷದಲ್ಲಿ ಕೋಡ್‌ಗಿಂತ ಬೆಲೆಬಾಳುವುದು ಇದು. ತಪ್ಪನ್ನು ದಾಖಲಿಸುವಾಗ ಆರ್‌ಪಿಎಂ ಎಷ್ಟಿತ್ತು, ವೇಗ ಎಷ್ಟು, ಕೂಲೆಂಟ್ ಬಿಸಿ ಎಷ್ಟು, ಲೋಡ್ ಎಷ್ಟು, ಫ್ಯೂಯಲ್ ಟ್ರಿಮ್ (ಇಂಧನವನ್ನು ಲೆಕ್ಕಕ್ಕಿಂತ ಶೇಕಡಾ ಎಷ್ಟು ಹೆಚ್ಚುಕಡಿಮೆ ಮಾಡುತ್ತಿದೆ ಎಂಬ ಅಂಕಿ) ಎಷ್ಟು, ಇವನ್ನೆಲ್ಲ ಇಸಿಯು ಒಟ್ಟಿಗೆ ಬರೆದಿಡುತ್ತದೆ. ಎರಡು ಉದಾಹರಣೆ ನೋಡೋಣ.

ಒಂದು ಗಾಡಿಯಲ್ಲಿ ಪಿ0171. ಫ್ರೀಜ್ ಫ್ರೇಮ್: ಆರ್‌ಪಿಎಂ 780, ವೇಗ 0, ಕೂಲೆಂಟ್ 34 ಡಿಗ್ರಿ, ಶಾರ್ಟ್ ಟರ್ಮ್ ಟ್ರಿಮ್ (ಆ ಕ್ಷಣದ್ದು) +17, ಲಾಂಗ್ ಟರ್ಮ್ ಟ್ರಿಮ್ (ಬಹಳ ಹೊತ್ತಿನಿಂದ ಕಲಿತದ್ದು) +12. ಓದಿದಾಗ ಏನು ಕಾಣುತ್ತದೆ? ಗಾಡಿ ನಿಂತಿದೆ, ಐಡಲಿಂಗ್‌ನಲ್ಲಿದೆ, ಎಂಜಿನ್ ಇನ್ನೂ ಕಾದಿಲ್ಲ. ಎರಡೂ ಟ್ರಿಮ್ ಕೂಡಿದರೆ +29. ಅಂದರೆ ಲೆಕ್ಕಕ್ಕಿಂತ ಶೇಕಡಾ 29ರಷ್ಟು ಜಾಸ್ತಿ ಪೆಟ್ರೋಲ್ ಸುರಿಯುತ್ತಿದೆ. ಎರಡರ ಮೊತ್ತ −10ರಿಂದ +10ರ ಒಳಗೆ ಇದ್ದರೆ ಸಾಮಾನ್ಯ ಎನ್ನಬಹುದು, ಇದು ಬಹಳ ದೂರ ಹೋಗಿದೆ. ಐಡಲಿಂಗ್‌ನಲ್ಲಿ ಇನ್‌ಟೇಕ್ ಮ್ಯಾನಿಫೋಲ್ಡ್ ಒಳಗೆ ಎಳೆತ ಜೋರಾಗಿರುತ್ತದೆ. ರಬ್ಬರ್ ಪೈಪಿನಲ್ಲಿ ಸಣ್ಣ ಬಿರುಕಿದ್ದರೂ ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ನುಗ್ಗುತ್ತದೆ. ಎಂಜಿನ್ ಕಾದರೆ ರಬ್ಬರ್ ಹಿಗ್ಗಿ ಬಿರುಕು ಮುಚ್ಚಿಕೊಳ್ಳಬಹುದು. ಅದಕ್ಕೇ ಮಧ್ಯಾಹ್ನ ಗ್ಯಾರೇಜಿಗೆ ಹೋದಾಗ ಏನೂ ಸಿಗುವುದಿಲ್ಲ. ಇಲ್ಲಿ ಹುಡುಕಬೇಕಾದದ್ದು ಪಿಸಿವಿ (ಎಂಜಿನ್ ಒಳಗಿನ ಆವಿ ಎಳೆಯುವ) ಪೈಪಿನ ಮೊಣಕೈ, ಬ್ರೇಕ್ ಬೂಸ್ಟರ್ ಪೈಪ್, ಇನ್‌ಟೇಕ್ ಗ್ಯಾಸ್ಕೆಟ್. ಅದೂ ಬೆಳಿಗ್ಗೆ, ತಣ್ಣನೆ ಎಂಜಿನ್‌ನಲ್ಲಿ.

ಇನ್ನೊಂದು ಗಾಡಿಯಲ್ಲೂ ಅದೇ ಪಿ0171. ಆದರೆ ಆರ್‌ಪಿಎಂ 3,400, ವೇಗ 88, ಕೂಲೆಂಟ್ 91, ಲೋಡ್ ಶೇಕಡಾ 80. ಕೋಡ್ ಒಂದೇ, ಕಥೆ ಪೂರ್ತಿ ಬೇರೆ. ಇಲ್ಲಿ ಎಂಜಿನ್ ಪೆಟ್ರೋಲ್ ಕೇಳುತ್ತಿದೆ, ಬೇಕಾದಷ್ಟು ಬರುತ್ತಿಲ್ಲ. ಅನುಮಾನ ಪೆಟ್ರೋಲ್ ಪಂಪ್, ಫಿಲ್ಟರ್, ಒಳಬರುವ ಗಾಳಿ ಅಳೆಯುವ, ಕೊಳೆ ಹಿಡಿದ ಏರ್‌ಫ್ಲೋ ಸೆನ್ಸರ್ ಮೇಲೆ ಹೋಗುತ್ತದೆ. ಬಿರುಕು ಬಿಟ್ಟ ಪೈಪಿನ ಮೇಲಲ್ಲ.

ಈ ಲೆಕ್ಕ ಮಾಸ್ ಏರ್‌ಫ್ಲೋ ಸೆನ್ಸರ್ ಇರುವ ಕಾರಿಗೆ ಚೆನ್ನಾಗಿ ಹೊಂದುತ್ತದೆ. ಬರೀ ಮ್ಯಾಪ್ (ಮ್ಯಾನಿಫೋಲ್ಡ್ ಒತ್ತಡ ಅಳೆಯುವ) ಸೆನ್ಸರ್ ಇರುವ ಎಂಜಿನ್‌ಗಳಲ್ಲಿ ಸೋರಿ ಬಂದ ಗಾಳಿಯೂ ಮ್ಯಾನಿಫೋಲ್ಡ್ ಒತ್ತಡವಾಗಿ ಲೆಕ್ಕಕ್ಕೆ ಸೇರಿಬಿಡುತ್ತದೆ. ಆಗ ಟ್ರಿಮ್ ಅಷ್ಟೊಂದು ಏರದೆ ಐಡಲಿಂಗ್ ಆರ್‌ಪಿಎಂ ಮೇಲಕ್ಕೆ ಹೋಗುವುದೇ ಮೊದಲ ಸೂಚನೆ. ನಿಮ್ಮ ಕಾರಿನಲ್ಲಿ ಯಾವುದಿದೆ ಎಂದು ಲೈವ್ ಡೇಟಾ ಪಟ್ಟಿ ನೋಡಿದರೆ ಗೊತ್ತಾಗುತ್ತದೆ.

ಒಂದಕ್ಕಿಂತ ಹೆಚ್ಚು ಕೋಡ್ ಇದ್ದರೆ ಫ್ರೀಜ್ ಫ್ರೇಮ್ ಯಾವ ಕೋಡಿನದು ಎಂದು ಖಾತ್ರಿ ಮಾಡಿಕೊಳ್ಳಿ. ಎಷ್ಟೋ ಕಾರುಗಳು ಒಂದೇ ಫ್ರೇಮ್ ಇಟ್ಟುಕೊಳ್ಳುತ್ತವೆ. ಮಿಸ್‌ಫೈರ್ ಅಥವಾ ಮಿಶ್ರಣದ ತಪ್ಪು ಬಂದರೆ ಹಳೆಯದನ್ನು ಅಳಿಸಿ ಅದರ ಮೇಲೆ ಬರೆಯುತ್ತವೆ.

ಯಾವ ಹೊತ್ತಿಗೆ ಯಾರ ಮೇಲೆ ಅನುಮಾನ

ತಣ್ಣಗಿದ್ದಾಗ ಮಾತ್ರ ಬಂದರೆ ಗಾಳಿ ಸೋರಿಕೆ, ಕೊಳೆಯಾದ ಥ್ರಾಟಲ್ ಬಾಡಿ (ಎಂಜಿನ್‌ಗೆ ಗಾಳಿ ಬಿಡುವ ಬಾಗಿಲು), ಆಕ್ಸಿಜನ್ ಸೆನ್ಸರಿನ ಹೀಟರ್. ಈ ಹೀಟರ್ ಕೆಟ್ಟರೆ ಸೆನ್ಸರ್ ಎಕ್ಸಾಸ್ಟ್ ಕಾವಿನಿಂದಲೇ ಬಿಸಿಯಾಗಬೇಕು, ತಡವಾಗುತ್ತದೆ. ಪಿ0135 ಬರುವುದು ಹೀಗೆ. ಚಳಿಯ ದಿನ ಹೈವೇಯಲ್ಲಿ ಪಿ0128 ಬಂದರೆ ಥರ್ಮೋಸ್ಟಾಟ್ ತೆರೆದೇ ಉಳಿಯುತ್ತಿದೆ, ಎಂಜಿನ್ ಪೂರ್ತಿ ಕಾಯುತ್ತಿಲ್ಲ. ಅದಕ್ಕೂ ಮೊದಲು ಕೂಲೆಂಟ್ ಮಟ್ಟ ನೋಡಿ. ಎಂಜಿನ್ ಬಿಸಿಯಿರುವಾಗ ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಬೇಡಿ.

ಕಾದ ಮೇಲೆ ಮಾತ್ರ ಬಂದರೆ ಕ್ರ್ಯಾಂಕ್ ಸೆನ್ಸರ್ (ಎಂಜಿನ್ ತಿರುಗುವುದನ್ನು ಅಳೆಯುವುದು) ಮತ್ತು ಇಗ್ನಿಷನ್ ಕಾಯಿಲ್ ಮೊದಲ ಸಾಲಿನಲ್ಲಿ ನಿಲ್ಲುತ್ತವೆ. ಒಳಗಿನ ತಂತಿ ಬಿಸಿಗೆ ಹಿಗ್ಗಿ ಬಿಡುತ್ತದೆ, ತಣ್ಣಗಾದಾಗ ಮತ್ತೆ ಕೂಡುತ್ತದೆ. ಗಾಡಿ ಹೋಗುತ್ತಾ ಹೋಗುತ್ತಾ ಆಫ್ ಆಗಿ, ಅರ್ಧ ಗಂಟೆ ಬಿಟ್ಟು ಏನೂ ಆಗದವರಂತೆ ಸ್ಟಾರ್ಟ್ ಆದರೆ ಕ್ರ್ಯಾಂಕ್ ಸೆನ್ಸರ್ ಕಡೆ ನೋಡಿ. ಇದಕ್ಕೆ ಒಂದು ಒಳ್ಳೇ ಗುರುತಿದೆ. ಗೇರ್‌ನಲ್ಲೇ ಇರುವ ಮ್ಯಾನ್ಯುವಲ್ ಗಾಡಿ ಆಫ್ ಆದರೂ ಚಕ್ರ ಉರುಳುತ್ತಿರುತ್ತದೆ, ಎಂಜಿನ್ ತಿರುಗುತ್ತಲೇ ಇರುತ್ತದೆ. ಆಗ ಸ್ಕ್ಯಾನರ್‌ನಲ್ಲಿ ಆರ್‌ಪಿಎಂ ದಬಕ್ಕನೆ ಸೊನ್ನೆಗೆ ಬಿದ್ದರೆ ಸಿಗ್ನಲ್ ಹೋಗಿದೆ. ವೇಗದ ಜೊತೆ ಮೆಲ್ಲಗೆ ಇಳಿದರೆ ಸೆನ್ಸರ್ ಸರಿಯಿದೆ, ಪೆಟ್ರೋಲ್ ಅಥವಾ ಸ್ಪಾರ್ಕ್ ಕಡೆ ಹೋಗಿ.

ಮಳೆಯಲ್ಲಿ, ತೇವದಲ್ಲಿ, ಗಾಡಿ ತೊಳೆದ ಮೇಲೆ ಬಂದರೆ ಕಾಯಿಲ್‌ನ ರಬ್ಬರ್ ಬೂಟ್, ಪ್ಲಗ್ ವೈರ್, ನೀರು ಇಳಿದ ಕಪ್ಲರ್ (ವೈರುಗಳನ್ನು ಜೋಡಿಸುವ ಪ್ಲಾಸ್ಟಿಕ್ ಜಾಯಿಂಟ್). ಏರು ಹತ್ತುವಾಗ ಮಾತ್ರ ಬಂದರೆ ಪ್ಲಗ್, ಕಾಯಿಲ್, ಪೆಟ್ರೋಲ್ ಒತ್ತಡ. ಡೀಸೆಲ್‌ನಲ್ಲಿ ಜೋರಾಗಿ ಎಳೆಯುವಾಗ ಪಿ0299 ಬಂದರೆ ಟರ್ಬೊ ಒತ್ತಡ ಸಾಲುತ್ತಿಲ್ಲ. ಇಂಟರ್‌ಕೂಲರ್ ಪೈಪ್ ಜಾರಿದೆಯಾ, ಸೀಳಿದೆಯಾ ಎಂದು ಮೊದಲು ನೋಡಿ, ಟರ್ಬೊ ಬಿಚ್ಚುವ ಮಾತು ಆಮೇಲೆ. ಪೈಪ್ ಸುತ್ತ ಎಣ್ಣೆ ಜಿಡ್ಡು ತಾಜಾ ಇದ್ದರೆ ಅಲ್ಲೇ ಸೋರುತ್ತಿದೆ. ಇಜಿಆರ್ ವಾಲ್ವ್ (ಹೊಗೆಯ ಒಂದು ಪಾಲನ್ನು ಎಂಜಿನ್‌ಗೆ ಮರಳಿಸುವುದು) ಮಸಿ ಹಿಡಿದು ಒಮ್ಮೊಮ್ಮೆ ಸಿಕ್ಕಿಕೊಳ್ಳುವುದೂ ಡೀಸೆಲ್‌ನ ಹಳೇ ಚಾಳಿ.

ಗ್ಯಾಸ್ ಕಿಟ್ ಇರುವ ಕಾರಿನಲ್ಲಿ ಲೈಟ್ ಬಂದಾಗ ಓಡುತ್ತಿದ್ದದ್ದು ಗ್ಯಾಸ್ ಮೇಲೋ, ಪೆಟ್ರೋಲ್ ಮೇಲೋ ಎಂದು ನೆನಪಿಟ್ಟುಕೊಳ್ಳಿ. ಒಂದರಲ್ಲಿ ಮಾತ್ರ ಬಂದರೆ ಅರ್ಧ ಹುಡುಕಾಟ ಮುಗಿಯಿತು.

ಪೆಟ್ರೋಲ್ ಹಾಕಿಸಿದ ಒಂದೆರಡು ದಿನಕ್ಕೆ ಪಿ0455, ಪಿ0442 ಅಥವಾ ಪಿ0456 ಬಂದರೆ ಟ್ಯಾಂಕಿನ ಆವಿ ಸೋರುತ್ತಿದೆ ಎಂದು ದೂರು. ಕ್ಯಾಪ್ ಟಿಕ್ ಟಿಕ್ ಅನ್ನುವವರೆಗೆ ತಿರುಗಿಸಿ. ಅದರ ರಬ್ಬರ್ ರಿಂಗ್ ಸೀಳಿದೆಯಾ ನೋಡಿ. ಪಿ0456 ಹೇಳುವುದು ಅರ್ಧ ಮಿಲಿಮೀಟರ್ ತೂತಿನಷ್ಟು ಸಣ್ಣ ಸೋರಿಕೆಯನ್ನು, ಆದ್ದರಿಂದ ಕಣ್ಣಿಗೆ ಕಾಣಲಿಲ್ಲ ಎಂದು ಬಿಟ್ಟುಬಿಡಬೇಡಿ. ಈ ಪರೀಕ್ಷೆಯನ್ನು ಇಸಿಯು ಪ್ರತಿದಿನ ಮಾಡುವುದಿಲ್ಲ. ಟ್ಯಾಂಕ್ ತೀರಾ ತುಂಬಿದ್ದರೂ, ತೀರಾ ಖಾಲಿಯಿದ್ದರೂ ಬಿಟ್ಟುಬಿಡುತ್ತದೆ. ಅದಕ್ಕೇ ಕ್ಯಾಪ್ ಬಿಗಿ ಮಾಡಿದ ತಕ್ಷಣ ಲೈಟ್ ಆರುವುದಿಲ್ಲ, ದಿನಗಟ್ಟಲೆ ಕಾಯಬೇಕಾಗುತ್ತದೆ. ಇದನ್ನು ತಿಳಿಯದೆ ಕ್ಯಾಪ್ ಮೇಲೆ ಕ್ಯಾಪ್ ಕೊಳ್ಳುವವರಿದ್ದಾರೆ.

ಕಪ್ಲರ್ ಮತ್ತು ವೈರ್: ಹೆಚ್ಚು ಸಮಯ ಇಲ್ಲಿ ಕೊಡಿ

ಬಂದು ಹೋಗುವ ದೋಷಕ್ಕೆ ಬಿಡಿಭಾಗಕ್ಕಿಂತ ಕನೆಕ್ಷನ್ ಮೇಲೆ ನನ್ನ ಅನುಮಾನ ಜಾಸ್ತಿ. ಪೂರ್ತಿ ಸತ್ತ ಸೆನ್ಸರ್ ಸತ್ತೇ ಇರುತ್ತದೆ. ಅಲುಗಾಡುವ ಪಿನ್ ಮಾತ್ರ ಹೀಗೆ ಆಟ ಆಡುತ್ತದೆ.

ಲೈವ್ ಡೇಟಾದಲ್ಲಿ ಇದಕ್ಕೆ ಒಂದು ಸೊಗಸಾದ ಸಾಕ್ಷಿ ಸಿಗುತ್ತದೆ. ಕೂಲೆಂಟ್ ಬಿಸಿ 89 ಇದ್ದದ್ದು ಒಮ್ಮೆಲೇ −40 ಆಗಿ, ಮರುಕ್ಷಣ ಮತ್ತೆ 89. ಲೋಕದಲ್ಲಿ ಯಾವ ಎಂಜಿನ್ನೂ ಹೀಗೆ ತಣ್ಣಗಾಗಿ ಬಿಸಿಯಾಗುವುದಿಲ್ಲ. ವೈರ್ ಕಡಿದರೆ ಇಸಿಯು ಓದುವ ಅಂಕಿಯೇ −40. ಗಾಳಿಯ ಬಿಸಿ ಅಳೆಯುವ ಸೆನ್ಸರಿಗೂ ಇದೇ ಮಾತು. ಈ ಅಂಕಿ ಕಂಡರೆ ಸೆನ್ಸರ್ ಕೊಳ್ಳುವ ಮೊದಲು ಕಪ್ಲರ್ ನೋಡಿ.

ಎಂಜಿನ್ ಐಡಲಿಂಗ್‌ನಲ್ಲಿ ಬಿಟ್ಟು, ಸ್ಕ್ಯಾನರ್ ಗ್ರಾಫ್ ತೆರೆದು, ಅನುಮಾನದ ವೈರನ್ನು ಮೆಲ್ಲಗೆ ಅಲ್ಲಾಡಿಸಿ. ಎಳೆಯಬೇಡಿ, ಅಲ್ಲಾಡಿಸಿದರೆ ಸಾಕು. ಕಪ್ಲರ್‌ನಿಂದ ಶುರು ಮಾಡಿ ಒಂದೊಂದು ಗೇಣು ಮುಂದೆ ಹೋಗಿ. ಗ್ರಾಫ್ ಜಿಗಿದ ಜಾಗದಲ್ಲಿ ನಿಲ್ಲಿ. ಫ್ಯಾನ್, ಬೆಲ್ಟ್ ಹತ್ತಿರ ಕೈ, ತೋಳು, ದುಪಟ್ಟಾ ಹೋಗದಂತೆ ಎಚ್ಚರ. ಎಂಜಿನ್ ಆಫ್ ಇದ್ದರೂ ರೇಡಿಯೇಟರ್ ಫ್ಯಾನ್ ತಾನಾಗಿ ತಿರುಗಬಹುದು. ಹಳದಿ ಬಣ್ಣದ ಕಪ್ಲರ್‌ಗಳು ಸಾಮಾನ್ಯವಾಗಿ ಏರ್‌ಬ್ಯಾಗಿನವು, ಅವನ್ನು ಮುಟ್ಟಲೇಬೇಡಿ.

ಕಾಯಿಲ್ ಮೇಲಿನ ಕಪ್ಲರ್ ಹತ್ತಿರದಿಂದ ನೋಡಿ. ಎಂಜಿನ್ ತಲೆಯ ಮೇಲೆ ವರ್ಷಗಟ್ಟಲೆ ಕಾದು ಅದರ ಪ್ಲಾಸ್ಟಿಕ್ ಲಾಕ್ ಹಪ್ಪಳದಂತೆ ಗರಿಗರಿಯಾಗಿರುತ್ತದೆ. ಹಿಂದೆ ಪ್ಲಗ್ ಬದಲಿಸಿದಾಗ ಮುರಿದಿದ್ದರೆ ಕಪ್ಲರ್ ಸುಮ್ನೆ ಕೂತಿರುತ್ತದೆ, ಲಾಕ್ ಆಗಿರುವುದಿಲ್ಲ. ನೋಡಲು ಎಲ್ಲ ಸರಿ. ರಸ್ತೆ ಗುಂಡಿಯಲ್ಲಿ ಕೂದಲೆಳೆಯಷ್ಟು ಮೇಲೆದ್ದು ಮತ್ತೆ ಕೂರುತ್ತದೆ. ಒತ್ತಿದಾಗ ಟಿಕ್ ಸದ್ದು ಬರಬೇಕು, ಮೆಲ್ಲಗೆ ಎಳೆದರೆ ಬರಬಾರದು. ಬಿಚ್ಚಿ ಒಳಗೆ ಟಾರ್ಚ್ ಬಿಡಿ. ಹಸಿರು ಪುಡಿ, ಕಪ್ಪು ಕಲೆ, ಒಂದು ಪಿನ್ ಮಾತ್ರ ಹಿಂದಕ್ಕೆ ಸರಿದಿರುವುದು, ಇವನ್ನು ಹುಡುಕಿ. ಹೆಣ್ಣು ಪಿನ್ನಿನ ಬಾಯಿ ಅಗಲವಾಗಿ ಹಿಡಿತ ಸಡಿಲವಾಗಿದೆಯಾ ಎಂದು ತಿಳಿಯಲು ಅದೇ ಅಳತೆಯ ಒಂದು ಗಂಡು ಪಿನ್ ತೂರಿಸಿ ಎಳೆದು ನೋಡಬೇಕು. ಸ್ವಲ್ಪ ಬಿಗಿ ಸಿಗಬೇಕು. ಪೇಪರ್ ಕ್ಲಿಪ್ ಅಥವಾ ಮೀಟರಿನ ದಪ್ಪ ಮೊನೆ ತೂರಿಸಿದರೆ ನೀವೇ ಬಾಯಿ ಅಗಲ ಮಾಡಿದಂತೆ. ಸರಿಯಿದ್ದ ಕಪ್ಲರ್ ಹಾಳಾಗುವುದು ಎಷ್ಟೋ ಸಲ ತನಿಖೆ ಮಾಡುವವರ ಕೈಯಲ್ಲೇ.

ವೈರಿನ ಮೇಲಿನ ಪ್ಲಾಸ್ಟಿಕ್ ಚುಚ್ಚಿ ಪರೀಕ್ಷೆ ಮಾಡುವುದೂ ಬೇಡ. ಆ ತೂತಿನಿಂದ ನೀರಿಳಿದು ತಂತಿ ಒಳಗೇ ಕೊಳೆಯುತ್ತದೆ. ಕಪ್ಲರಿನ ಹಿಂಬದಿಯಿಂದ ತೆಳ್ಳಗಿನ ಪ್ರೋಬ್ ಇಳಿಸಿ ಅಳೆಯಿರಿ.

ಮಲ್ಟಿಮೀಟರ್ ಓಮ್ ತೋರಿಸಿದ್ದನ್ನು ಪೂರ್ತಿ ನಂಬಬೇಡಿ. ಒಳಗೆ ಒಂದೇ ಎಳೆ ತಂತಿ ಉಳಿದಿದ್ದರೂ ಮೀಟರ್ ಸೊನ್ನೆ ಓಮ್ ಎಂದೇ ಹೇಳುತ್ತದೆ. ಕರೆಂಟ್ ಹರಿದಾಗ ಮಾತ್ರ ಬಣ್ಣ ಬಯಲಾಗುತ್ತದೆ. ಪಂಪಿಗೋ ಕಾಯಿಲ್‌ಗೋ ಕರೆಂಟ್ ಒಯ್ಯುವ ವೈರಿಗೆ 21 ವ್ಯಾಟ್ ಬಲ್ಬ್ ಹಚ್ಚಿ ನೋಡಿ, ಮಂಕಾಗಿ ಉರಿದರೆ ವೈರ್ ಸೋತಿದೆ. ಸೆನ್ಸರಿನಿಂದ ಇಸಿಯುಗೆ ಹೋಗುವ ಸಿಗ್ನಲ್ ವೈರಿಗೆ ಮಾತ್ರ ಬಲ್ಬ್ ಹಚ್ಚಬಾರದು, ಇಸಿಯು ಸುಟ್ಟುಹೋಗಬಹುದು.

ವೈರಿಂಗ್ ಎಲ್ಲೆಲ್ಲಿ ಕಬ್ಬಿಣದ ಬ್ರಾಕೆಟ್ ದಾಟುತ್ತದೆಯೋ, ಎಲ್ಲೆಲ್ಲಿ ಕ್ಲಿಪ್ ಮುರಿದು ಜೋತಿದೆಯೋ ಅಲ್ಲಿ ಉಜ್ಜಿದ ಗುರುತು ಹುಡುಕಿ. ಇಲಿ ಕಡಿದ ವೈರ್ ಹೊರಗಿನಿಂದ ಕಂಡರೆ ಪುಣ್ಯ, ಹೆಚ್ಚಾಗಿ ಎಂಜಿನ್ ಹಿಂಬದಿಯಲ್ಲೇ ಇರುತ್ತದೆ.

ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಕೋಡ್ ಒಟ್ಟಿಗೆ ಬಂದರೆ ನಾಲ್ಕೈದು ಸೆನ್ಸರ್ ಒಂದೇ ದಿನ ಕೆಟ್ಟವು ಎಂದು ತಿಳಿಯಬೇಡಿ. ಅವೆಲ್ಲಕ್ಕೂ ಸಾಮಾನ್ಯವಾಗಿರುವುದು ಏನು? 5 ವೋಲ್ಟ್ ಸಪ್ಲೈ, ಒಂದು ಫ್ಯೂಸ್, ಒಂದು ರಿಲೇ, ಒಂದು ಅರ್ತ್. ಎಷ್ಟೋ ಸೆನ್ಸರ್‌ಗಳು ಒಂದೇ 5 ವೋಲ್ಟ್ ಲೈನ್ ಹಂಚಿಕೊಳ್ಳುತ್ತವೆ. ಒಂದು ಶಾರ್ಟ್ ಆದರೆ ಉಳಿದವೂ ಸುಳ್ಳು ಹೇಳುತ್ತವೆ.

ಬ್ಯಾಟರಿ ಮತ್ತು ಅರ್ತ್

ಇದು ಹತ್ತು ನಿಮಿಷದ ಕೆಲಸ, ಮೊದಲೇ ಮುಗಿಸಿಬಿಡಿ. ರಾತ್ರಿ ನಿಂತ ಗಾಡಿಯಲ್ಲಿ ಬ್ಯಾಟರಿ 12.6 ವೋಲ್ಟ್ ಹತ್ತಿರ ಇರಬೇಕು. ಸ್ಟಾರ್ಟರ್ ತಿರುಗುವಾಗ 9.6ಕ್ಕಿಂತ ಕೆಳಗೆ ಬೀಳಬಾರದು. ಎಂಜಿನ್ ಓಡುವಾಗ ಹೆಚ್ಚಿನ ಕಾರುಗಳಲ್ಲಿ 13.5ರಿಂದ 14.7ರ ನಡುವೆ ಇರುತ್ತದೆ. ಹೊಸ ಕಾರುಗಳಲ್ಲಿ ಆಲ್ಟರ್ನೇಟರನ್ನು ಕಂಪ್ಯೂಟರೇ ನಡೆಸುವುದರಿಂದ ಅಂಕಿ ಹೆಚ್ಚುಕಡಿಮೆ ಆಗುವುದು ಸಹಜ.

ಮೀಟರಿನ ಒಂದು ಮೊನೆ ಬ್ಯಾಟರಿ ನೆಗೆಟಿವ್‌ಗೆ, ಇನ್ನೊಂದು ಎಂಜಿನ್ ಬ್ಲಾಕಿನ ಬರಿಯ ಲೋಹಕ್ಕೆ ಹಿಡಿದು ಇನ್ನೊಬ್ಬರಿಂದ ಸ್ಟಾರ್ಟ್ ಮಾಡಿಸಿ. 0.2 ವೋಲ್ಟ್ ಒಳಗಿದ್ದರೆ ಒಳ್ಳೆಯದು. ಅರ್ಧ ವೋಲ್ಟ್ ಬಂದರೆ ಅರ್ತ್ ಪಟ್ಟಿ ಬಿಚ್ಚಿ, ತುಕ್ಕು ಉಜ್ಜಿ, ಮತ್ತೆ ಬಿಗಿ ಮಾಡಿ. ಬೆಳಿಗ್ಗೆ ಸ್ಟಾರ್ಟ್ ಮಾಡುವಾಗ ಮಾತ್ರ "ಯು" ಅಕ್ಷರದ ಕೋಡ್‌ಗಳು, ಅಂದರೆ ಒಂದು ಕಂಪ್ಯೂಟರ್ ಇನ್ನೊಂದರ ಜೊತೆ ಮಾತು ತಪ್ಪಿದ ಕೋಡ್‌ಗಳು ಬಂದರೆ, ಎಷ್ಟೋ ಸಲ ಸೋತ ಬ್ಯಾಟರಿಯೇ ಮೂಲ.

ಮಿಸ್‌ಫೈರ್ ಕೋಡ್ ಇದ್ದರೆ

ಪಿ0301 ಅಂದರೆ ಒಂದನೇ ಸಿಲಿಂಡರ್, ಪಿ0302 ಎರಡನೆಯದು, ಹೀಗೆ. ಪಿ0300 ಅಂದರೆ ಒಂದೇ ಸಿಲಿಂಡರ್ ಎಂದಿಲ್ಲ, ಅಲ್ಲಲ್ಲಿ ತಪ್ಪುತ್ತಿದೆ. ಒಂದೇ ಸಿಲಿಂಡರಿನ ಕೋಡ್ ಮತ್ತೆ ಮತ್ತೆ ಬಂದರೆ ದುಡ್ಡಿಲ್ಲದ ಪರೀಕ್ಷೆ ಒಂದಿದೆ. ಪಿ0302 ಬರುತ್ತಿದೆ ಎನ್ನಿ, ಎರಡನೇ ಸಿಲಿಂಡರಿನ ಕಾಯಿಲ್ ಮೂರಕ್ಕೆ ಹಾಕಿ, ಮೂರರದ್ದು ಎರಡಕ್ಕೆ. ಹಾಕುವ ಮುನ್ನ ಮಾರ್ಕರ್‌ನಿಂದ ಗುರುತು ಮಾಡಿಕೊಳ್ಳಿ, ಆಮೇಲೆ ಯಾವುದು ಎಲ್ಲಿಯದು ಎಂದು ತಲೆ ಕೆರೆದುಕೊಳ್ಳುವುದು ತಪ್ಪುತ್ತದೆ. ಮುಂದೆ ಕೋಡ್ ಪಿ0303 ಎಂದು ಬದಲಾದರೆ ಕಾಯಿಲ್ ಸಿಕ್ಕಿಬಿತ್ತು. ಪಿ0302 ಆಗಿಯೇ ಉಳಿದರೆ ಪ್ಲಗ್ ಅದಲುಬದಲು ಮಾಡಿ. ಅದಕ್ಕೂ ಕದಲದಿದ್ದರೆ ವೈರಿಂಗ್, ಇಂಜೆಕ್ಟರ್, ಕೊನೆಗೆ ಕಂಪ್ರೆಷನ್.

ಒಂದೇ ಸಲಕ್ಕೆ ಕಾಯಿಲ್, ಪ್ಲಗ್ ಎರಡನ್ನೂ ಅದಲುಬದಲು ಮಾಡಬೇಡಿ. ತಪ್ಪು ಸರಿದರೂ ಯಾವುದರ ಜೊತೆ ಸರಿಯಿತು ಎಂದು ತಿಳಿಯುವುದಿಲ್ಲ.

ಲೈಟ್ ಹತ್ತುವ ತನಕ ಕಾಯಬೇಕಾಗಿಲ್ಲ. ಸ್ಕ್ಯಾನರ್‌ನಲ್ಲಿ "ಮೋಡ್ 6" (ಇಸಿಯು ಮಾಡಿದ ಪರೀಕ್ಷೆಗಳ ಅಂಕಿ ತೋರಿಸುವ ಪುಟ) ಸಿಕ್ಕರೆ, ಸಿಎಎನ್ (ಗಾಡಿಯ ಕಂಪ್ಯೂಟರುಗಳನ್ನು ಜೋಡಿಸುವ ಜಾಲ) ಇರುವ ಕಾರುಗಳಲ್ಲಿ ಪ್ರತಿ ಸಿಲಿಂಡರಿನ ಮಿಸ್‌ಫೈರ್ ಎಣಿಕೆ ಕಾಣುತ್ತದೆ. ಮೂರು ಸಿಲಿಂಡರ್ ಸೊನ್ನೆ, ಒಂದು ಮಾತ್ರ ಏರುತ್ತಿದೆ ಅಂದರೆ ಕೋಡ್ ಬರುವ ಮೊದಲೇ ಕಳ್ಳ ಸಿಕ್ಕ ಹಾಗೆ.

ತಪ್ಪನ್ನು ಬರುವಂತೆ ಮಾಡುವುದು

ಫ್ರೀಜ್ ಫ್ರೇಮ್ ಹೇಳಿದ ಹೊತ್ತನ್ನು ನೀವೇ ತರಿಸಿ. ತಣ್ಣನೆಯ ದೋಷವಾದರೆ ಗಾಡಿ ರಾತ್ರಿಯಿಡೀ ನಿಲ್ಲಿಸಿ, ಬೆಳಿಗ್ಗೆ ಸ್ಕ್ಯಾನರ್ ಮೊದಲೇ ಜೋಡಿಸಿ ಸ್ಟಾರ್ಟ್ ಮಾಡಿ. ಬಿಸಿಯ ದೋಷವಾದರೆ ಹೇರ್ ಡ್ರೈಯರ್‌ನಿಂದ ಸೆನ್ಸರ್ ಒಂದನ್ನೇ ಕಾಯಿಸಿ ನೋಡಬಹುದು. ತೇವದ ದೋಷವಾದರೆ ಸ್ಪ್ರೇ ಬಾಟಲಿಯಿಂದ ಪ್ಲಗ್ ವೈರ್ ಅಥವಾ ಕಾಯಿಲ್ ಸುತ್ತ ಮಂಜಿನಷ್ಟು ನೀರು. ಪೈಪ್ ಹಿಡಿದು ಸುರಿಯುವುದಲ್ಲ. ಹಾಗೆ ಸಿಂಪಡಿಸಿದ ಮೇಲೆ ಓಡುತ್ತಿರುವ ಎಂಜಿನ್‌ನ ಕಾಯಿಲ್, ವೈರ್ ಮುಟ್ಟಬೇಡಿ, ಶಾಕ್ ಹೊಡೆಯುತ್ತದೆ. ಗಾಳಿ ಸೋರಿಕೆಗೆ, ಪೈಪಿನೊಳಗೆ ಹೊಗೆ ಬಿಟ್ಟು ಸೋರುವ ಜಾಗ ತೋರಿಸುವ ಹೊಗೆ ಯಂತ್ರವಿರುವ ಗ್ಯಾರೇಜ್ ಸಿಕ್ಕರೆ ಅದೇ ಒಳ್ಳೆಯದು. ಬಿಸಿ ಎಂಜಿನ್ ಮೇಲೆ ಕ್ಲೀನರ್ ಸ್ಪ್ರೇ ಹೊಡೆದು ಹುಡುಕುವುದನ್ನು ನಾನು ಹೇಳುವುದಿಲ್ಲ, ಬೆಂಕಿ ಹತ್ತಬಹುದು.

ಓಡಿಸುವಾಗ ದೋಷ ಬರುವುದಾದರೆ ಡೇಟಾ ರೆಕಾರ್ಡ್ ಮಾಡಬೇಕು. ಐದಾರು ಅಂಕಿ ಸಾಕು: ಆರ್‌ಪಿಎಂ, ವೇಗ, ಕೂಲೆಂಟ್, ಎರಡು ಟ್ರಿಮ್, ಅನುಮಾನದ ಸೆನ್ಸರ್. ಪಟ್ಟಿ ಉದ್ದವಾದಷ್ಟೂ ಬ್ಲೂಟೂತ್ ಸ್ಕ್ಯಾನರ್ ನಿಧಾನವಾಗುತ್ತದೆ, ಕಣ್ಣು ಮಿಟುಕಿಸುವಷ್ಟರ ತಪ್ಪು ಎರಡು ಓದಿನ ನಡುವೆ ಜಾರಿಹೋಗುತ್ತದೆ. ಮೊಬೈಲ್ ಪಕ್ಕದಲ್ಲಿ ಕೂತವರ ಕೈಯಲ್ಲಿರಲಿ, ಡ್ರೈವರ್ ರಸ್ತೆ ನೋಡಲಿ.

ಗ್ಯಾರೇಜಿಗೆ ಕೊಡುವಾಗ

ನಿಮ್ಮಿಂದ ಆಗದ ಘಟ್ಟ ಬಂದರೆ "ಲೈಟ್ ಬರ್ತಾ ಇದೆ, ನೋಡಿ" ಎಂದು ಕೀ ಕೊಟ್ಟು ಬರಬೇಡಿ. ಒಂದು ಹಾಳೆಯಲ್ಲಿ ಬರೆದುಕೊಡಿ: ಕೋಡ್, ಫ್ರೀಜ್ ಫ್ರೇಮಿನ ಅಂಕಿಗಳು, ಲೈಟ್ ಹತ್ತಿದ ಮತ್ತು ಆರಿದ ತಾರೀಕು, ಆ ಹಿಂದಿನ ಓಟದಲ್ಲಿ ಏನಾದರೂ ಜರ್ಕ್, ವಾಸನೆ, ಪಿಕಪ್ ಕಡಿಮೆಯಾಗಿದ್ದು, ಈಗಾಗಲೇ ಏನೇನು ಅದಲುಬದಲು ಮಾಡಿದ್ದೀರಿ ಎಂಬುದು. ತಣ್ಣನೆಯ ದೋಷವಾದರೆ ಹಿಂದಿನ ರಾತ್ರಿಯೇ ಗಾಡಿ ಬಿಟ್ಟುಬನ್ನಿ. ಸಾಮಾನು ಬದಲಿಸುವ ಮೊದಲು ಯಾವ ಪರೀಕ್ಷೆಯಲ್ಲಿ ಅದು ಫೇಲಾಯಿತು ಎಂದು ಕೇಳಿ. "ಸಾಮಾನ್ಯವಾಗಿ ಇದೇ ಆಗಿರುತ್ತೆ ಸಾರ್" ಎಂಬುದು ಪರೀಕ್ಷೆಯಲ್ಲ.

ರಿಪೇರಿ ಹಿಡಿಯಿತೇ?

ರಿಪೇರಿ ಆದಮೇಲೆ ಕೋಡ್ ಅಳಿಸಬಹುದು, ಈಗ ಅದಕ್ಕೆ ಅರ್ಥವಿದೆ. ಅಳಿಸಿದ ಕೂಡಲೇ "ರೆಡಿನೆಸ್" ಪುಟದಲ್ಲಿ ಎಷ್ಟೋ ಪರೀಕ್ಷೆಗಳು "ಮುಗಿದಿಲ್ಲ" ಎಂದು ತೋರಿಸುತ್ತವೆ. ಅವು ಮುಗಿಯುವ ತನಕ ಲೈಟ್ ಇಲ್ಲದಿರುವುದಕ್ಕೆ ಬೆಲೆಯಿಲ್ಲ. ತಣ್ಣಗೆ ಸ್ಟಾರ್ಟ್ ಮಾಡಿ, ಸ್ವಲ್ಪ ಐಡಲಿಂಗ್, ಸ್ವಲ್ಪ ಊರೊಳಗೆ, ಸ್ವಲ್ಪ ಒಂದೇ ವೇಗದಲ್ಲಿ ಹೈವೇಯಲ್ಲಿ ಓಡಿಸಿ. ಕೆಲವು ದಿನಗಳ ಮಾಮೂಲಿ ಓಡಾಟದಲ್ಲೇ ಹೆಚ್ಚಿನವು ಮುಗಿಯುತ್ತವೆ. ಫ್ರೀಜ್ ಫ್ರೇಮಿನ ಹೊತ್ತಿಗೆ ಹೊಂದುವ ಓಟವೂ ಅದರಲ್ಲಿ ಇರಲಿ. ಏರಿನಲ್ಲಿ ಬರುತ್ತಿದ್ದ ದೋಷಕ್ಕೆ ಸಮತಟ್ಟು ರಸ್ತೆಯ ಓಟ ಸಾಕ್ಷಿಯಾಗುವುದಿಲ್ಲ.

ಪ್ರತಿ ಓಟದ ಕೊನೆಗೆ ಪೆಂಡಿಂಗ್ ಕೋಡ್ ನೋಡಿ. ಲೈಟ್ ಹತ್ತುವ ಒಂದು ಓಟ ಮೊದಲೇ ಅಲ್ಲಿ ಸುದ್ದಿ ಸಿಗುತ್ತದೆ. ಪಿ0171 ಇದ್ದ ಗಾಡಿಯಾದರೆ ಐಡಲಿಂಗ್‌ನಲ್ಲೂ 2,500 ಆರ್‌ಪಿಎಂನಲ್ಲೂ ಟ್ರಿಮ್ ಓದಿ, ಹಳೇ ಫೋಟೋ ಪಕ್ಕಕ್ಕೆ ಇಟ್ಟು ಹೋಲಿಸಿ. +29 ಇದ್ದದ್ದು +4ಕ್ಕೆ ಇಳಿದಿದ್ದರೆ ಪೈಪ್ ಬದಲಿಸಿದ್ದು ಸರಿ. +18ಕ್ಕೆ ಮಾತ್ರ ಇಳಿದಿದ್ದರೆ ಇನ್ನೂ ಎಲ್ಲೋ ಸೋರುತ್ತಿದೆ, ಲೈಟ್ ಬರದಿದ್ದರೂ ಹುಡುಕಿ.

ರೆಡಿನೆಸ್ ಪೂರ್ತಿಯಾಗಿ, ಪೆಂಡಿಂಗ್ ಖಾಲಿಯಿದ್ದರೆ ಸ್ಕ್ಯಾನರ್ ಕಿತ್ತಿಡಿ. ಸಾಕೆಟ್ಟಿನ 16ನೇ ಪಿನ್ನಿಗೆ ಕೀ ಆಫ್ ಇದ್ದರೂ ಬ್ಯಾಟರಿ ಕರೆಂಟ್ ಇರುತ್ತದೆ. ವಾರಗಟ್ಟಲೆ ನಿಲ್ಲಿಸುವ ಗಾಡಿಯಲ್ಲಿ ಅದನ್ನು ಸಿಕ್ಕಿಸಿಯೇ ಬಿಟ್ಟರೆ ಬ್ಯಾಟರಿ ಇಳಿಯುತ್ತದೆ.